ಹುಸೇನಪ್ಪ ಮಹೇಶನಾದದ್ದು

ಮಸಗುಪ್ಪಿಯ ಅಕ್ಕವ್ವ ಹಡೆದ ಮೊದಲೆರಡು ಕೂಸುಗಳು ಉಳಿಯಲಿಲ್ಲ. ಮೂರನೆಯದು ಹೊಟ್ಟೆಯಲ್ಲಿದ್ದಾಗ ಮೊಹರಂ ದೇವರ ಮುಂದೆ ಸೆರಗೊಡ್ಡಿ ಹರಕೆ ಹೊತ್ತಳು. ಗಂಡುಕೂಸು ಹುಟ್ಟಿ ಉಳಿಯಿತು. ಕೊಟ್ಟವನ ಹೆಸರನ್ನೇ ಇಟ್ಟರು: ಹುಸೇನಪ್ಪ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಹೆಸರು ಹುಸೇನಪ್ಪ. ನಮ್ಮ ಕಡೆ ಇದು ಯಾರ ಕಣ್ಣನ್ನೂ ಚುಚ್ಚುವುದಿಲ್ಲ. ಪ್ರತಿ ಮೊಹರಂಗೆ ಅವನು ಫಕೀರನಾಗಿ ಐದು ಮನೆ ಬೇಡುತ್ತಿದ್ದ, ಹಬ್ಬ ಮುಗಿದರೆ ಮತ್ತೆ ಕಲ್ಲೋಳಿಯಿಂದ ಸಂಕೇಶ್ವರದ ಪೇಟೆಗೆ ಕಾಯಿಪಲ್ಲೆಯ ಟೆಂಪೊ ಹೊಡೆಯುತ್ತಿದ್ದ.

ಹೆಂಡತಿ ದಾಕ್ಷಾಯಿಣಿ ಗೋಕಾಕದಲ್ಲಿ ನರ್ಸಿಂಗ್ ಕಲಿತವಳು. ಕಡಲಾಚೆಯ ದೇಶವೊಂದರ ಆಸ್ಪತ್ರೆಗೆ ಕೆಲಸಕ್ಕೆ ಹೋದಳು. ಹೋದ ಮೇಲೆ ಬಸುರಿ ಎಂದು ಗೊತ್ತಾಯಿತು. ಹೆರಿಗೆಯ ಹೊತ್ತಿಗೆ ತಾನು ಅಲ್ಲಿರಬೇಕು ಎಂಬುದೊಂದೇ ಹುಸೇನಪ್ಪನ ಆಸೆ. ವೀಸಾ ಇನ್ನೇನು ಬರುವುದಿತ್ತು, ಅಷ್ಟರಲ್ಲಿ ಆ ದೇಶದ ರಾಜಧಾನಿಯ ರೈಲು ನಿಲ್ದಾಣದಲ್ಲಿ ಉಗ್ರರ ಬಾಂಬು ಸಿಡಿದು ನೂರಾರು ಜನ ಸತ್ತರು. ಅಲ್ಲಿಯ ಸರ್ಕಾರ ಗಡಿ ಬಿಗಿಮಾಡಿತು, ಅದನ್ನು ನೋಡಿ ಸುತ್ತಲಿನ ದೇಶಗಳೂ ಬಿಗಿಮಾಡಿದವು. ಬರುವವರನ್ನು ಹೆಸರು ನೋಡಿ ಸೋಸತೊಡಗಿದರು. ಬಸ್ಸಿನಲ್ಲಿ ದಾಕ್ಷಾಯಿಣಿಯ ಮೈಬಣ್ಣ ಕಂಡು ಬಾಜೂ ಕೂತವರು ಎದ್ದು ಹೋಗುತ್ತಿದ್ದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ಇದಕ್ಕೇ.

ಹುಸೇನಪ್ಪನನ್ನು ವಿಚಾರಣೆಗೆ ಮುಂಬೈಯಲ್ಲಿರುವ ಆ ದೇಶದ ವೀಸಾ ಕಚೇರಿಗೆ ಕರೆಸಿದರು. ಗಾಜಿನಾಚೆ ಕೂತ ಅಧಿಕಾರಿಯ ಪ್ರಶ್ನೆಯನ್ನು ಕನ್ನಡ ಬಲ್ಲವನೊಬ್ಬ ಹೇಳಿದ: "ಹಿಂದೂ ಅಂತ ಬರೆದಿದ್ದೀರಿ. ಈ ಹೆಸರು ಹೇಗೆ ಬಂತು?"

ಕೇಳಿದರಲ್ಲ ಎಂದು ನಮ್ಮ ಭೂಪನಿಗೆ ಖುಷಿಯೇ ಆಯಿತು. "ಹರಕಿ ಹೆಸರ್ರಿ ಇದು! ವರ್ಷಾ ಫಕೀರ ಆಗ್ತೇನ್ರಿ. ಮನಿಮನಿ ಬೇಡ್ತೇನಿ, ಕೆಂಡಾ ತುಳಿತೇನಿ."

"ಕೆಂಡ ತುಳಿಯುವ ತರಬೇತಿ ಯಾರು ಕೊಡುತ್ತಾರೆ?"

"ತರಬೇತಿ ಎಲ್ಲೀದ್ರಿ? ದೇವರು ಮೈಮ್ಯಾಲೆ ಬಂದ್ರ ಕಾಲು ತಾವ ನಡೀತಾವು."

ಅಧಿಕಾರಿ ಎಲ್ಲವನ್ನೂ ಬರೆದುಕೊಂಡ. ಅರ್ಜಿ ತನಿಖೆಗೆ ಹೋಯಿತು. ಖರೆ ಹೇಳಿದ್ದೇ ಅವನ ಕೊರಳಿಗೆ ಉರುಲಾಯಿತು.

"ಹೆಸರ ಬದಲಿಸಿಬಿಡು, ಮಹೇಶ ಅಂತ ಮಾಡ್ಕೊ. ಹೊಸಾ ಅರ್ಜಿ ಹಾಕೂನು," ಎಂದ ಗೋಕಾಕದ ವೀಸಾ ಏಜೆಂಟ್ ರಾವಸಾಹೇಬ.

ತಾಯಿಗೆ ಹೇಳಿದಾಗ ಆಕೆ ಗೋಡೆಗೊರಗಿ ಕೂತಳು. "ಆ ಹೆಸರಿನ ಮ್ಯಾಲೆ ನಿನ್ನ ಜೀವ ನಿಂತೈತೊ, ತಮ್ಮಾ." ಆಮೇಲೆ ತಾನೇ ಅಂದಳು, "ಆದ್ರ ಸೊಸಿ ಪರದೇಶದಾಗ ಒಬ್ಬಾಕಿನ ಹಡೀಬಾರ್ದು." ಮಸೂತಿಗೆ ಹೋಗಿ ಮುಲ್ಲಾನಿಂದ ಸಕ್ಕರೆಗೆ ಫಾತೆಹಾ ಓದಿಸಿ, "ತಪ್ಪಾತೊ ನನ್ನಪ್ಪಾ" ಎಂದು ಅತ್ತು ಬಂದಳು. ಅಂದಿನಿಂದ ಮಗನನ್ನು ಹೆಸರು ಹಿಡಿದು ಕರೆಯಲಿಲ್ಲ. ಹಳೆಯದನ್ನು ಕರೆಯುವಂತಿಲ್ಲ, ಹೊಸದು ಬಾಯಿಗೆ ಬಾರದು.

ಮಹೇಶನ ಅರ್ಜಿಗೆ ಉತ್ತರ ಬೇಗ ಬಂತು. ದಾಳಿ ನಡೆದ ಮೇಲೆ ಹೆಸರು ಬದಲಿಸಿಕೊಂಡವನು ಏನೋ ಮುಚ್ಚಿಡುತ್ತಿದ್ದಾನೆ, ಪ್ರವೇಶವಿಲ್ಲ. ಅತ್ತ ದರಿ, ಇತ್ತ ಪುಲಿ. ಟೆಂಪೊದೊಳಗೆ ಕೂತು, ಗಾಜು ಏರಿಸಿಕೊಂಡು, ದುಃಖ ತಡೆಯಲಾರದೆ ಗಂಡಸು ಅತ್ತ.

ಹೆಣ್ಣು ಹುಟ್ಟಿದ ಸುದ್ದಿ ಫೋನಿನಲ್ಲೇ ಬಂತು. ಅಕ್ಕವ್ವ ಮಗನ ಬದಿಗೇ ಕೂತು ಕೇಳುತ್ತಿದ್ದಳು.

"ಕೂಸು ಆರಾಮ ಐತ್ರಿ," ಎಂದಳು ದಾಕ್ಷಾಯಿಣಿ. ಆಮೇಲೆ ದನಿ ತಗ್ಗಿಸಿದಳು. "ದವಾಖಾನಿಯವರು ಇಲ್ಲೇ ನಿಂತಾರ. ಅಪ್ಪನ ಹೆಸರು ಕೇಳಾಕತ್ತಾರ್ರಿ. ಏನಂತ ಹೇಳ್ಲಿ?"

ಅವನು ತಾಯಿಯ ಮುಖ ನೋಡಿದ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಸ್ವಲ್ಪ ತಡೀರಿ ಅನ್ನು ಅವರಿಗೆ," ಎಂದ.