ಫರಸಿಗೆ ಕೊಟ್ಟ ಏಟು

ಹೋದ ವರ್ಷ ಶ್ರಾವಣದ ಮೊದಲ ಸೋಮವಾರ. ಶಹಾಬಾದಿನ ನಮ್ಮ ಮನೆಯಲ್ಲಿ ಪೂಜೆ ಮುಗಿಸಿ ಹೋಳಿಗೆಗೆ ಹಿಟ್ಟು ಕಲಸುತ್ತಿದ್ದೆ. ಮಗ ಶರಣುವಿನ ನರ್ಸರಿಯಿಂದ ಟೀಚರ್ ಫೋನ್ ಮಾಡಿ, "ಲಗೂನ ಬರ್ರಿ" ಎಂದಷ್ಟೇ ಹೇಳಿ ಇಟ್ಟರು. ಹಿಟ್ಟಿನ ಕೈಯಲ್ಲೇ ಓಡಿದೆ.

ಮಗನಿಗೆ ಏನೂ ಆಗಿರಲಿಲ್ಲ. ರೇಣುಕಾ ಎಂಬ ನಾಲ್ಕು ವರ್ಷದ ಹುಡುಗಿ ಟೀಚರ್ ತೊಡೆಯ ಮೇಲೆ ಕೂತಿದ್ದಳು. ಹುಬ್ಬು ಒಡೆದು ರಕ್ತ ಕೆನ್ನೆಗೆ ಇಳಿದಿತ್ತು.

"ನಿಮ್ಮ ಹುಡುಗ ತಾನೇ ಓಡಿ ತಾನೇ ಬಿದ್ದಾನ್ರಿ. ಎದ್ದವನೇ ಬಾಜೂಕಿದ್ದ ಈಕಿಗಿ ಹೊಡದು ದಬ್ಬ್ಯಾನ. ಬೆಂಚಿನ ಮೂಲಿ ಬಡೀತು. ಇದು ಮೊದಲನೇ ಸಲ ಅಲ್ರಿ. ಬಿದ್ದಾಗೆಲ್ಲ ಈಕಿಗೇ ಹುಡುಕಿ ಹೊಡೀತಾನ. ಈಕಿ ತಿರುಗಿ ಹೊಡಿಯಂಗಿಲ್ಲ ನೋಡ್ರಿ" ಎಂದರು ಟೀಚರ್.

ಅಷ್ಟರಲ್ಲಿ ರೇಣುಕಾಳ ತಾಯಿ ಕಲ್ಲು ಪಾಲಿಶ್ ಕಾರ್ಖಾನೆಯಿಂದ ಬಂದಳು. ತಲೆ, ಸೀರೆ ಎಲ್ಲ ಕಲ್ಲಿನ ಪುಡಿ. ನನ್ನನ್ನು ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಗಳನ್ನು ಎತ್ತಿಕೊಂಡು, "ನಾಳಿಂದ ಕಳಸಂಗಿಲ್ರಿ ಟೀಚರ್" ಎಂದಳು.

"ಮತ್ತ ಯಾರ ಕಡಿ ಬಿಡ್ತಿಯವ್ವ?"

"ನನ್ನ ಜೋಡಿ ಕಾರ್ಖಾನ್ಯಾಗ ಕುಂದರ್ತಾಳ್ರಿ."

ಕಲ್ಲು ಕೊಯ್ಯುವ ಮಷೀನಿನ ಪಕ್ಕ, ಆ ಧೂಳಿನಲ್ಲಿ, ಅಷ್ಟು ಸಣ್ಣ ಕೂಸು! ಅವರ ಜೊತೆ ದವಾಖಾನೆಗೆ ಹೋದೆ. ಹೊಲಿಗೆ ಹಾಕುವಾಗ ಆ ಮಗು ಚೀರಿದ್ದು ಹೊರಗಿನ ರಸ್ತೆಯವರೆಗೂ ಕೇಳಿಸಿತು.

ಮನೆಗೆ ಬಂದವಳಿಗೆ ಸಿಟ್ಟು ನೆತ್ತಿಗೇರಿತ್ತು. ಮೊದಲೇ ನನ್ನದು ಮುಂಗೋಪ. ಶರಣುವಿಗೆ ಹೊಡೆಯಲು ಕೈ ಎತ್ತಿದೆ. ಅವನು ಹೆದರಿ ಹಿಂದೆ ಸರಿದು, ಹೊಸ್ತಿಲಿಗೆ ಎಡವಿ ಬಿದ್ದು ಚೀರಿದ. ಅಡುಗೆಮನೆಯಿಂದ ಅತ್ತೆ ಓಡಿಬಂದು ನೆಲದ ಫರಸಿ ಕಲ್ಲಿಗೆ ಪಟಪಟ ಹೊಡೆದರು.

"ನಮ್ಮ ಶರಣೂಗ ಬೀಳಸ್ತಿ? ತಗೋ! ನೀನೂ ಹೊಡಿಯಪ್ಪ ಇದಕ್ಕ!"

ಅವನೂ ಹೊಡೆದ. ಅಳು ನಿಂತಿತು. ಎತ್ತಿದ ನನ್ನ ಕೈ ಹಾಗೇ ಉಳಿಯಿತು. ಅಯ್ಯೋ ಶಿವನೇ, ಇದನ್ನು ನಾವೇ ಕಲಿಸಿದ್ದೆವು! ಅವನು ನಡೆಯಲು ಕಲಿತಾಗಿನಿಂದ ಬಿದ್ದಾಗೆಲ್ಲ ನಾನು, ಅವನಪ್ಪ, ಅತ್ತೆ ಎಲ್ಲರೂ ಮಾಡಿದ್ದು ಇದನ್ನೇ. ನರ್ಸರಿಯಲ್ಲಿ ಹೊಡೆಸಿಕೊಳ್ಳುವ ಕಲ್ಲು ರೇಣುಕಾ ಆಗಿದ್ದಳು.

ಅತ್ತೆಗೆ ಹೇಳಿದರೆ ಒಪ್ಪಬೇಕಲ್ಲ! "ನನ್ನ ಮಗನಿಗೂ ಹಿಂಗೇ ಮಾಡೀನಿ. ಅವ ಏನ್ ಗೂಂಡಾ ಆಗ್ಯಾನೇನು?"

"ಫರಸಿಗಿ ನೋವಾಗಂಗಿಲ್ರಿ ಅತ್ತಿ. ಆ ಕೂಸಿಗಿ ಹೊಲಿಗಿ ಹಾಕ್ಯಾರ."

ಅವತ್ತು ಅತ್ತೆಯೂ ಊಟ ಮಾಡಲಿಲ್ಲ.

ಅಂದಿನಿಂದ ಅವನು ಬಿದ್ದರೆ ನಾವು ಯಾವುದಕ್ಕೂ ಹೊಡೆಯುವುದಿಲ್ಲ. "ಎಲ್ಲಿ ನೋವಾಗ್ಯಾದ, ತೋರ್ಸು" ಎಂದು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತೇವೆ. ಮೊದಮೊದಲು ಅವನು ರಂಪ ಮಾಡಿದ, ಗೋಡೆಗೆ ಒದ್ದ, ಒಮ್ಮೆ ನನ್ನ ಕೈ ಕಚ್ಚಿದ. ದೀಪಾವಳಿಯ ಹೊತ್ತಿಗೆ ಅತ್ತೆಯ ಬೆರಳಿಗೆ ಬಿಸಿ ಹಂಚು ತಾಗಿದಾಗ ತಾನೇ ಹೋಗಿ ಉಫ್ ಉಫ್ ಎಂದು ಊದಿದ. "ಆಯಿ, ಭಾಳ ನೋವಾಗ್ಯಾದೇನು?" ಎಂದು ಕೇಳಿದ. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಮರುದಿನವೇ ಅವನನ್ನು ಕರೆದುಕೊಂಡು ಕಾರ್ಖಾನೆಗೆ ಹೋದೆ. ಹೇಗಾದರೂ ಮಾಡಿ ರೇಣುಕಾಳನ್ನು ನರ್ಸರಿಗೆ ಮರಳಿ ಕಳಿಸುವಂತೆ ಕೇಳಬೇಕಿತ್ತು. ತಗಡಿನ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದಳು. ರೆಪ್ಪೆಯ ಮೇಲೂ ಬಿಳಿ ಪುಡಿ. ಶರಣು ಹತ್ತಿರ ಹೋಗಿ, ಹೊಲಿಗೆಯ ಗುರುತನ್ನು ಸವರಲು ಕೈ ಎತ್ತಿದ. ಅವಳು ಎರಡೂ ತೋಳಿನಿಂದ ಮುಖ ಮುಚ್ಚಿ ಗೋಡೆಗೆ ಒತ್ತಿಕೊಂಡಳು. ಅಳಲಿಲ್ಲ, ಏಟಿಗೆ ಕಾದಳು.

"ಅವ್ವ, ನಾ ಹೊಡ್ಯಾಕತ್ತಿಲ್ಲ!" ಎಂದು ಶರಣು ಗಾಬರಿಯಿಂದ ನನ್ನನ್ನು ನೋಡಿದ. ಅವನನ್ನು ನನ್ನ ಕಡೆಗೆ ಎಳೆದುಕೊಂಡು, ಮಗಳನ್ನು ಮತ್ತೆ ನರ್ಸರಿಗೆ ಕಳಿಸುವಂತೆ ರೇಣುಕಾಳ ತಾಯಿಯನ್ನು ಕೇಳಿದೆ. ಆಕೆ ಮಷೀನಿನ ಸದ್ದಿನಲ್ಲೇ, "ಒಲ್ಲೆ ಅಂತಾಳ್ರಿ ಅಕ್ಕಾ. ನರ್ಸರಿ ಹೆಸರು ತಗೊಂಡ್ರ ಉಚ್ಚಿ ಹೊಯ್ಕೋತಾಳ" ಎಂದಳು.

ಆಮೇಲೂ ಹಲವು ಸಲ ಹೋಗಿ ಬಂದಿದ್ದೇನೆ. ಈಗ ಟೀಚರ್, ನೆರೆಯವರು ಎಲ್ಲರೂ ಶರಣುವನ್ನು ಎಷ್ಟು ಒಳ್ಳೆಯ ಹುಡುಗ ಎಂದು ಹೊಗಳುತ್ತಾರೆ. ನನಗೆ ನಗಲು ಆಗುವುದಿಲ್ಲ. ನನ್ನ ಮಗ ಸುಧಾರಿಸಿದ್ದಾನೆ, ನಿಜ. ರೇಣುಕಾ ಇವತ್ತೂ ಆ ಧೂಳಿನಲ್ಲೇ ಕೂತಿದ್ದಾಳೆ.