ಅತ್ತೆ ರುಜು ಹಾಕಲಿಲ್ಲ

ಕಾರ್ಬಾಲಿಕ್ ಸೋಪಿನ ವಾಸನೆ ಎಲ್ಲೇ ಬರಲಿ, ಹಲಸೂರಿನ ನಮ್ಮ ಮನೆ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ: ಒದ್ದೆ ಕಡಪಾ ಕಲ್ಲು, ಗೋಡೆಗೊರಗಿದ ಬೆಂಚು, ಬಾಗಿಲ ಬಳಿ ನೇರ ಸಾಲಿನಲ್ಲಿ ಬಿಟ್ಟ ಚಪ್ಪಲಿಗಳು. ಮುಂದಿನ ಕೋಣೆ ಡಾಕ್ಟರಾಗಿದ್ದ ನನ್ನ ಸೋದರತ್ತೆಯದು. ರೋಗಿಯನ್ನು ನೋಡುವುದಕ್ಕೆ ಅವರದೊಂದು ಕ್ರಮವಿತ್ತು. ಮೊದಲು ಕಣ್ಣು, ನಾಲಿಗೆ, ಆಮೇಲೆ ನಾಡಿ, ಎದೆ, ಹೊಟ್ಟೆ, ಕೊನೆಗೆ ಪಾದ. ಅಷ್ಟೂ ಮುಗಿಯದೆ ಅವರ ಬಾಯಿಂದ ರೋಗದ ಹೆಸರು ಹೊರಡುತ್ತಿರಲಿಲ್ಲ. ಆ ಕಾಲದ ವೈದ್ಯವೆಲ್ಲ ಬರೀ ಅಂದಾಜು ಎನ್ನುವವರ ಮಾತನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ.

ನಲವತ್ತರ ದಶಕದ ಒಂದು ಚಳಿಗಾಲ ನಮ್ಮ ಬೀದಿಗೆ ಪ್ಲೇಗಿನ ಭಯ ಹೊಕ್ಕಿತ್ತು. ಸೊಪ್ಪು ಮಾರುವ ಮುನಿಯಮ್ಮನಿಗೆ ಜ್ವರ, ತೊಡೆಸಂದಿನಲ್ಲಿ ಗಡ್ಡೆ. ಹೆಲ್ತ್ ಇನ್ಸ್‌ಪೆಕ್ಟರು ಅವಳನ್ನು ಕರೆತಂದು, ಗಾಡಿಯನ್ನು ಹೊರಗೆ ನಿಲ್ಲಿಸಿದ್ದರು. ಪ್ಲೇಗು ಹೌದೆಂದು ಅತ್ತೆ ರುಜು ಹಾಕಿದರೆ ಅವಳನ್ನೂ ಅವಳ ಮಕ್ಕಳನ್ನೂ ಪ್ಲೇಗು ರೋಗಿಗಳ ಶೆಡ್ಡಿಗೆ ಸಾಗಿಸುತ್ತಿದ್ದರು. ಅಲ್ಲಿಂದ ಮರಳಿದವರು ಕಡಿಮೆ.

"ಜ್ವರ, ಗಡ್ಡೆ. ಇನ್ನೇನು ನೋಡ್ಬೇಕು ಡಾಕ್ಟ್ರಮ್ಮ? ಗಾಡಿ ಕಾಯ್ತಿದೆ," ಎಂದರು ಇನ್ಸ್‌ಪೆಕ್ಟರು.

"ಕಾಯ್ಲಿ ಬಿಡ್ರೀ. ಎತ್ತಿಗೆ ಒಂದಿಷ್ಟು ಹುಲ್ಲು ಹಾಕ್ಸಿ. ನಾನಿನ್ನೂ ಪಾದ ನೋಡಿಲ್ಲ."

ಮುನಿಯಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಅತ್ತೆ ಬಿಡಲಿಲ್ಲ. ಎಡ ಹಿಮ್ಮಡಿಯ ಮೇಲೆ ಸುಣ್ಣ-ಬೆಲ್ಲದ ದಪ್ಪ ಪಟ್ಟು. ಬಿಸಿನೀರಿನಲ್ಲಿ ನೆನೆಸಿ ಬಿಡಿಸಿದರೆ ಕೆಳಗೆ ಕೀವುಗಟ್ಟಿದ ಮುಳ್ಳಿನ ಗಾಯ. ಗಡ್ಡೆಯೂ ಎಡಕ್ಕೇ ಇತ್ತು. ಗಾಯದ ನಂಜು ಏರಿದರೂ ತೊಡೆಸಂದು ಹಾಗೆ ಊದುತ್ತದೆ.

"ಮೊದಲೇ ಯಾಕೆ ಹೇಳ್ಲಿಲ್ಲ ಕಣೇ?"

"ಸುಣ್ಣ ಹಚ್ಚಿದ್ರೆ ನೀವು ಬೈತೀರಲ್ಲಮ್ಮ. ಹೋದ್ಸಲ ನಮ್ಮತ್ತೇನ ಮರ್ಫಿ ಟೌನ್‌ಗೇ ಕೇಳೋ ಹಾಗೆ ಬೈದ್ರಿ."

ಅಂಗಳದಲ್ಲಿ ದೂರ ನಿಂತಿದ್ದವರು ಯಾರೋ ನಕ್ಕರು. ಅತ್ತೆ ನಗಲಿಲ್ಲ.

"ಹಾಗಾದ್ರೆ ಪ್ಲೇಗಲ್ಲ ಅಂತ ಬರ್ಕೊಡ್ತೀರಾ?" ಇನ್ಸ್‌ಪೆಕ್ಟರು ಕೇಳಿದರು. ಇಡೀ ಬೀದಿಯ ಭಯ ಅವರ ದನಿಯಲ್ಲಿತ್ತು.

"ಅಲ್ಲ ಅಂತ್ಲೂ ಬರೆಯಲ್ಲ, ಹೌದು ಅಂತ್ಲೂ ಬರೆಯಲ್ಲ. ಜ್ವರ ಇಳಿಯೋವರೆಗೆ ಹಿಂದಿನ ಕೋಣೇಲಿ ಇರ್ತಾಳೆ. ಜೊತೆಗೆ ನಾನೂ ಇರ್ತೀನಿ. ಬೇಕಾದ್ರೆ ಹೊರಗಿಂದ ಚಿಲಕ ಹಾಕ್ಕೊಳ್ಳಿ."

ಗಾಡಿ ಖಾಲಿ ಹೋಯಿತು. ನಮ್ಮನ್ನೆಲ್ಲ ಕುಕ್ ಟೌನಿನ ಚಿಕ್ಕಪ್ಪನ ಮನೆಗೆ ಕಳುಹಿಸಿದರು. ಅತ್ತೆಯನ್ನು ಮತ್ತೆ ನೋಡುತ್ತೇವೆಂದು ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ನಾವು ಮರಳಿದಾಗ ಕೀವು ತೆಗೆದ ಗಾಯ ಒಣಗುತ್ತಿತ್ತು, ಗಡ್ಡೆ ಕರಗಿತ್ತು. ಮುನಿಯಮ್ಮ ಹಿತ್ತಲಲ್ಲಿ ಕೂತು ಮಕ್ಕಳ ತಲೆ ಬಾಚುತ್ತಿದ್ದಳು.

ಅಂದಿನಿಂದ ಅತ್ತೆ ಪರೀಕ್ಷೆ ಮುಗಿಯುವ ಮೊದಲು ಯಾರನ್ನೂ ಬೈಯಲಿಲ್ಲ. ಬೈಯುವುದನ್ನು ಬಿಟ್ಟರೆಂದಲ್ಲ, ಅದನ್ನು ಪಾದದ ನಂತರಕ್ಕೆ ಇಟ್ಟುಕೊಂಡರು. ಆ ಮನೆ ಬಿದ್ದು ಅಲ್ಲಿ ಅಂಗಡಿಗಳೆದ್ದು ಬಹಳ ಕಾಲವಾಯಿತು. ನನ್ನನ್ನು ಬೈಯುವವರು ಈಗ ಯಾರೂ ಉಳಿದಿಲ್ಲ. ಆ ಕೊರತೆಗೆ ನಾನು ಒಗ್ಗಿಕೊಳ್ಳುವುದೂ ಇಲ್ಲ.