ಬೆಟ್ಟದಪುರದ ಮೂರು ನಕ್ಷತ್ರ

ಬೆಟ್ಟದಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ರಿಬ್ಕಾ ಯಾವ ಜಾತಿಯವಳೆಂದು ಊರಿಗೆ ತಲೆಬುಡ ಗೊತ್ತಾಗಿರಲಿಲ್ಲ. ಲಾರಿ ಓಡಿಸುತ್ತಿದ್ದ ನಟರಾಜು ಮುಂಬಯಿ ಪಕ್ಕದ ಠಾಣೆಯಿಂದ ಕಟ್ಟಿಕೊಂಡು ಬಂದ ಹೆಂಡತಿ. ಕಿರಸ್ತಾನರವಳೇ ಎಂದರೆ ಅಲ್ಲ, ಸಾಬರವಳೇ ಎಂದರೆ ಅದೂ ಅಲ್ಲ. ತಾವು ಯೆಹೂದಿಗಳು, ತಮ್ಮ ದೇವರಿಗೆ ಫೋಟೊ ಇಲ್ಲ ಎಂದಾಗ ಅತ್ತೆ ದೊಡ್ಡತಾಯಮ್ಮನ ಎದೆ ಧಸಕ್ಕೆಂದಿತ್ತು. ಆದರೆ ಹರಕೆ ತೀರಿಸುವಾಗ ಅವರೂ ಅವಲಕ್ಕಿಗೆ ಸಿಹಿ, ಕಾಯಿತುರಿ ಕಲಸಿ ಹಂಚುತ್ತಾರೆಂದು ತಿಳಿದ ಮೇಲೆ ಮುದುಕಿ ನಿರಾಳವಾದಳು. ಅವಲಕ್ಕಿ ಒಪ್ಪುವ ದೇವರು ಅಷ್ಟೇನೂ ದೂರದವನಲ್ಲ ಎಂದು ಅವಳ ತೀರ್ಮಾನ.

ರಿಬ್ಕಾ ಮುದ್ದೆ ತಿರುವುವುದು ಕಲಿತಳು, ಹೊಗೆಸೊಪ್ಪು ಕಡ್ಡಿಗೆ ಕಟ್ಟುವುದು ಕಲಿತಳು, ಬೀದಿಯ ನಲ್ಲಿನೀರಿನ ಜಗಳವನ್ನೂ ಚೆನ್ನಾಗಿಯೇ ಕಲಿತಳು. ಬಿಟ್ಟುಕೊಡದೆ ಉಳಿಸಿಕೊಂಡದ್ದು ತಮ್ಮವರು ಕೆಲಸ ಮುಟ್ಟದ ಶನಿವಾರ ಒಂದನ್ನೇ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ದೀಪ ಹಚ್ಚಿದಳೆಂದರೆ ಶನಿವಾರ ಸಂಜೆ ಮೂರು ನಕ್ಷತ್ರ ಕಾಣುವವರೆಗೆ ಒಲೆ ಹಚ್ಚಳು, ಬಸ್ಸು ಹತ್ತಳು, ಮಗ ದಾನಿಯೇಲನನ್ನೂ ಹತ್ತಗೊಡಳು. ಮೊದಮೊದಲು ಕೂಗಾಡಿದ ದೊಡ್ಡತಾಯಮ್ಮ, ಬರಬರುತ್ತಾ ತಾನೂ ಶನಿವಾರ ಜಗುಲಿಯಲ್ಲಿ ಕಾಲು ಚಾಚಿ ಕೂತು, ಸೊಸೆಯ ದೇವರಿಗೆ ಹೆಂಗಸರ ಕಷ್ಟ ಗೊತ್ತಿದೆ ಎಂದು ಹೊಗಳತೊಡಗಿದಳು.

ಎಡವಟ್ಟಾದದ್ದು ಈ ಜೂನಿನಲ್ಲಿ. ಹಾಕಿ ಆಡುವ ದಾನಿಯೇಲನಿಗೆ ಕೊಡಗಿನ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಗುರುವಾರ ರಾತ್ರಿ ಫೋನು ಬಂತು: ಭಾನುವಾರ ಬೆಳಗಾಗುವಷ್ಟರಲ್ಲಿ ಮೈದಾನದಲ್ಲಿರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಶುಕ್ರವಾರವೇ ಹೊರಡಲಿ ಎಂದಳು ರಿಬ್ಕಾ. ಶುಕ್ರವಾರ ಮನೆಮಗನನ್ನು ಹೊರಗೆ ಕಳಿಸಿದರೆ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆಂದು ದೊಡ್ಡತಾಯಮ್ಮ ಬಾಗಿಲಿಗೆ ಅಡ್ಡ ಕೂತಳು. ಹೀಗೆ ಒಂದು ದಿನ ಅತ್ತೆಯ ಪಾಲಾಯಿತು, ಇನ್ನೊಂದು ಸೊಸೆಯ ಪಾಲಾಯಿತು. ಹುಡುಗನಿಗೆ ಉಳಿದದ್ದು ಶನಿವಾರ ನಕ್ಷತ್ರ ಮೂಡಿದ ಮೇಲೆ ಬರುವ ಕೊನೆಯ ಬಸ್ಸು. ಬೈಕಿನಲ್ಲಿ ಬಿಟ್ಟುಬರೋಣವೆಂದರೆ ರಾತ್ರಿ ಆ ಕಡೆ ಆನೆಗಳ ಕಾಟ.

ಶನಿವಾರ ಸಂಜೆ ಆಕಾಶದ ತುಂಬ ಮೋಡ.

ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಸುತ್ತ ಅರ್ಧ ಬೀದಿಯೇ ನೆರೆದು ಕತ್ತೆತ್ತಿ ನಿಂತಿತು. ಪಕ್ಕದ ಮನೆಯ ಚಿಕ್ಕಣ್ಣ ಒಂದು ಕಂಡಿತೆಂದು ಕುಣಿದ. ಅದು ಮೊಬೈಲ್ ಟವರಿನ ಕೆಂಪು ದೀಪ. ಅಂಗಡಿ ನಂಜಣ್ಣ ಕಂಡುಹಿಡಿದದ್ದು ಬೆಟ್ಟದ ಮೇಲಿನ ಗುಡಿಯ ಬಲ್ಬು. ದೇವರ ಮನೆಯದೇ ಅಲ್ಲವೇ, ಜಮಾ ಮಾಡಿಕೊಳ್ಳಬಾರದೇ ಎಂದು ಅವನ ವಾದ. ಮೋಡದ ಹಿಂದೆ ನಕ್ಷತ್ರಗಳಿವೆಯೆಂದು ಯಾರೋ ಫೋನಿನಲ್ಲಿ ತೋರಿಸಲು ಬಂದರು. ಫೋನಿನಲ್ಲಿ ಕಂಡರೆ ಆಗದು, ಯಾರಾದರೂ ಕಣ್ಣಾರೆ ನೋಡಿರಬೇಕು ಎಂದಳು ರಿಬ್ಕಾ. ದಾನಿಯೇಲ ಹಾಕಿ ಸ್ಟಿಕ್ಕನ್ನು ಎದೆಗೆ ಅವುಚಿಕೊಂಡು ಅಮ್ಮನ ಮುಖವನ್ನೇ ನೋಡುತ್ತಿದ್ದ.

ಆ ನೋಟ ಎದುರಿಸಲು ರಿಬ್ಕಾಳಿಗೆ ನಾಚಿಕೆಯಾಯಿತು. ಏಕೆಂದರೆ ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದದ್ದು ಮೋಡ ಚದುರಲಿ ಎಂದಲ್ಲ, ಇನ್ನಷ್ಟು ಕವಿಯಲಿ ಎಂದು. ಮಗ ಹೋಗುವುದು ಅವಳಿಗೆ ಬೇಕಿರಲಿಲ್ಲ. ಅದಕ್ಕೆ ಶನಿವಾರದ ನೆಪ ಸಿಕ್ಕಿತ್ತು.

ಬಸ್ಸು ಬಂದು ನಿಂತಿತು. ಕಂಡಕ್ಟರ್ ಅವಸರ ಮಾಡಿದ. ಆಗ ಹಿಂದಿನಿಂದ ದೊಡ್ಡತಾಯಮ್ಮನ ಗಂಟಲು ಕೇಳಿಸಿತು.

"ಅಗಾ, ಅಲ್ಲಿ ಅವೆ ನೋಡಮ್ಮಿ. ಒಂದು, ಎಲ್ಡು, ಮೂರು. ಸಾಲಾಗವೆ. ಕಳ್ಸು ಮಗೀನ."

ಅವಳ ಎರಡೂ ಕಣ್ಣಿಗೆ ಪೊರೆ. ಬೆಳಿಗ್ಗೆ ತಾನೇ ಮೊರವನ್ನು ಬೆಕ್ಕೆಂದು ಗದರಿಸಿದ್ದಳು. ಅವಳು ಬೆರಳು ತೋರಿಸಿದ ಕಡೆ ಬಸ್ಸಿನ ತಗಡು ಬಿಟ್ಟರೆ ಬೇರೇನೂ ಇರಲಿಲ್ಲ. ಬೀದಿಯವರೆಲ್ಲ ರಿಬ್ಕಾಳ ಕಡೆ ತಿರುಗಿದರು.

"ಅತ್ತೆ ನೋಡವ್ರಂತೆ," ಎಂದಳು ರಿಬ್ಕಾ. "ದೊಡ್ಡೋರ ಮಾತು. ಬಗ್ಗು ಮಗ."

ಅಮ್ಮನಿಗಿಂತ ಎತ್ತರ ಬೆಳೆದಿದ್ದ ಹುಡುಗ ಗೆಳೆಯರ ಮುಂದೆಯೇ ತಲೆ ಬಗ್ಗಿಸಿದ. ಅವಳು ಎರಡೂ ಕೈಗಳನ್ನು ಅವನ ನೆತ್ತಿಯ ಮೇಲಿಟ್ಟು, ಅಪ್ಪ ಕಲಿಸಿದ ಹೀಬ್ರೂ ಮಾತುಗಳಲ್ಲಿ ದೇವರು ನಿನ್ನನ್ನು ಹರಸಿ ಕಾಪಾಡಲಿ ಎಂದಳು. ಕಂಡಕ್ಟರ್ ಸೀಟಿ ಊದುವವರೆಗೂ ಕೈ ತೆಗೆಯಲಿಲ್ಲ. ನಟರಾಜು ಟ್ರಂಕು ಹತ್ತಿಸಿ, ಕಣ್ಣಿಗೆ ಧೂಳು ಬಿತ್ತೆಂದು ಆ ಮೋಡದ ಹವೆಯಲ್ಲಿ ಸುಳ್ಳು ಹೇಳಿದ.

ಬಸ್ಸು ತಿರುವು ದಾಟಿತು. ಜನ ಚದುರಿದರು. ಹನಿ ಬೀಳತೊಡಗಿತು. ರಿಬ್ಕಾ ಅತ್ತೆಯ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು, ನಿಜವಾಗಿ ಕಂಡಿದ್ದವಾ ಎಂದು.

"ನಂಗೆ ನಿನ್ ಮೊಕವೇ ಕಾಣಾಕಿಲ್ಲ," ಎಂದಳು ದೊಡ್ಡತಾಯಮ್ಮ. "ಶುಕ್ರವಾರ ಅಡ್ಡ ಕೂತೋಳು ನಾನಲ್ವಾ. ಸುಳ್ಳು ನನ್ ಲೆಕ್ಕುಕ್ಕೆ ಬರ್ಕೊಳ್ಲಿ ಬುಡು ನಿನ್ ದೇವ್ರು. ನೀನು ಅಳ್ಬೇಡ."

ರಿಬ್ಕಾ ಅಳುತ್ತಲೇ ನಕ್ಕಳು. ಮನೆಯವರೆಗೂ ಇಬ್ಬರೂ ತಲೆಯೆತ್ತಿ ಆಕಾಶ ನೋಡಲಿಲ್ಲ.